ಇಳಿಯದೆ ಹೋದ ವಿಮಾನ

ಮಳೆಗಾಲ ಶುರುವಾದರೆ ಬಜ್ಪೆ ಪೇಟೆಯಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ವಿಮಾನ ಇಳಿಯಲೇ ಇಲ್ಲವಂತೆ, ಬೆಂಗಳೂರಿಗೆ ಹೋಯಿತಂತೆ." ಗಲ್ಫಿನಿಂದ ಬರುವ ಮಗನನ್ನು ಕರೆದೊಯ್ಯಲು ನಸುಕಿನಲ್ಲೇ ಕಾರು ಮಾಡಿಕೊಂಡು ಬೆಳ್ತಂಗಡಿಯಿಂದಲೋ ಕಾರ್ಕಳದಿಂದಲೋ ಬಂದವರ ಮಾತು ಅದು. ದನಿಯಲ್ಲಿ ಸುಸ್ತೂ ಇರುತ್ತದೆ, ಸಿಟ್ಟೂ ಇರುತ್ತದೆ. ಇಷ್ಟು ಹತ್ತಿರ ಬಂದ ಮೇಲೆ ಇಳಿಸಲು ಏನು ಕಷ್ಟ ಎಂದು ಕೇಳುತ್ತಾರೆ. ನಾನು ಈ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಪ್ಪನೋ ಮಾವನೋ ದುಬೈ, ದಮ್ಮಾಮ್, ಕುವೈತಿನಲ್ಲಿ ಇಲ್ಲದ ಮಕ್ಕಳು ನನ್ನ ತರಗತಿಯಲ್ಲಿ ಕಡಿಮೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಈ ಮಕ್ಕಳ ಮನೆಗಳಿಗೆ ತಲುಪಲೇಬೇಕು.

ಉತ್ತರ ಇರುವುದು ನಮ್ಮ ಗುಡ್ಡದಲ್ಲಿ. ಕರಾವಳಿಯ ಸಪಾಟು ನೆಲ ಅಗಲ ಕಿರಿದು. ಇದ್ದಷ್ಟನ್ನು ನದಿಗಳು, ಗದ್ದೆಗಳು, ಪೇಟೆ ಹಂಚಿಕೊಂಡಿವೆ. ಹಾಗಾಗಿ ಮಂಗಳೂರಿನಿಂದ ಸುಮಾರು 13 ಕಿಲೋಮೀಟರ್ ದೂರದ ಬಜ್ಪೆಯಲ್ಲಿ ಮುರಕಲ್ಲಿನ ಗುಡ್ಡದ ನೆತ್ತಿಯನ್ನು ತಟ್ಟು ಮಾಡಿ ವಿಮಾನ ನಿಲ್ದಾಣ ಕಟ್ಟಿದರು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ಉದ್ಘಾಟಿಸಿದರು. ಆ ಹಳೆಯ ರನ್‌ವೇಯ ಉದ್ದ 1,615 ಮೀಟರ್. ದೊಡ್ಡ ವಿಮಾನಗಳಿಗೆ ಅದು ಸಾಲದಾದಾಗ 2,450 ಮೀಟರಿನ ಇನ್ನೊಂದು ರನ್‌ವೇ ಮಾಡಿದರು. 2006ರಲ್ಲಿ ಅದು ಬಳಕೆಗೆ ಬಂತು. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿರುವ ಈ ರನ್‌ವೇ ಮುಗಿಯುವಲ್ಲಿ ಗುಡ್ಡವೂ ಮುಗಿಯುತ್ತದೆ, ಆಚೆಗೆ ಇಳಿಜಾರು ಕಣಿವೆ. ಟೇಬಲ್‌ಟಾಪ್ ಎಂದು ಕರೆಯುವುದು ಇದನ್ನೇ. ಬಯಲುಸೀಮೆಯಲ್ಲಿ ವಿಮಾನ ಸ್ವಲ್ಪ ಮುಂದೆ ಜಾರಿದರೆ ಮಣ್ಣಿನಲ್ಲಿ ಹೂತುಕೊಂಡು ನಿಂತೀತು. ಇಲ್ಲಿ ಅಷ್ಟು ಸಡಿಲು ಇಲ್ಲ.

2006ರ ಆ ಹೊಸ ರನ್‌ವೇ ಈ ಜಿಲ್ಲೆಯ ಮನೆಗಳಿಗೆ ಏನಾಗಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ತಿಳಿಸುವುದು ಕಷ್ಟ. ನನ್ನ ಅಣ್ಣ ಮೊದಲ ಸಲ ಬಹರೈನಿಗೆ ಹೊರಟದ್ದು ಬೊಂಬಾಯಿ ದಾರಿಯಲ್ಲಿ. ಮಂಗಳೂರಿನಿಂದ ಬಸ್ಸು, ಆಮೇಲೆ ಪರಿಚಯದವರ ರೂಮಿನಲ್ಲಿ ನೆಲದ ಮೇಲೆ ಮಲಗಿ ಟಿಕೆಟಿಗೆ ಕಾಯುವುದು. ರಜೆಯಲ್ಲಿ ಬರುವಾಗಲೂ ಹಾಗೆಯೇ. ಸಿಕ್ಕ ಒಂದು ತಿಂಗಳಲ್ಲಿ ಎಷ್ಟೋ ದಿನ ದಾರಿಯಲ್ಲೇ ಕರಗುತ್ತಿತ್ತು. 2006ರ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. ಬ್ಯಾರಿಗಳು, ಕ್ರೈಸ್ತರು, ಬಂಟರು, ಬಿಲ್ಲವರು, ಮೊಗವೀರರು, ಗಡಿಯಾಚೆ ಕಾಸರಗೋಡಿನವರು, ಎಲ್ಲರ ಮನೆಗೂ ಗಲ್ಫು ಒಂದು ರಾತ್ರಿಯ ದೂರಕ್ಕೆ ಬಂತು. ಸಾವಿನ ಸುದ್ದಿ ಬಂದರೆ ಹೆಣ ಎತ್ತುವ ಮೊದಲು ಮಗ ತಲುಪಬಹುದು ಎಂಬ ಧೈರ್ಯ ಬಂತು. ನನ್ನ ಪಾಲಿಗೆ ಈ ನಿಲ್ದಾಣದ ದೊಡ್ಡ ಉಪಕಾರ ಅದೇ.

ಹೊರಡುವವರ ಪೆಟ್ಟಿಗೆಯನ್ನು ನೋಡಿದರೂ ಈ ಸಂಬಂಧ ತಿಳಿಯುತ್ತದೆ. ಹಿಂದಿನ ರಾತ್ರಿ ಚಾವಡಿಯಲ್ಲಿ ರಟ್ಟಿನ ಪೆಟ್ಟಿಗೆ ತೆರೆದಿರುತ್ತದೆ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕೋರಿ ರೊಟ್ಟಿ ಒಂದೊಂದಾಗಿ ಒಳಗೆ ಹೋಗುತ್ತವೆ. ಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡು ತೂಕದ ಯಂತ್ರದ ಮೇಲೆ ಒಬ್ಬರು ನಿಲ್ಲುವುದು, ಅವರ ತೂಕ ಕಳೆದು ಇನ್ನೊಬ್ಬರು ಲೆಕ್ಕ ಹೇಳುವುದು, ಹೆಚ್ಚಾಯಿತೆಂದು ಅಕ್ಕಿ ತೆಗೆಯುವುದು, ಅಮ್ಮ ಬೇಡವೆಂದರೂ ಕೇಳದೆ ಹಪ್ಪಳವನ್ನು ಮತ್ತೆ ಸೇರಿಸುವುದು. ಒಣ ಕೊಬ್ಬರಿ ಮಾತ್ರ ಇಡಬೇಡಿ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬೆಂಕಿ ಹಿಡಿಯುವ ವಸ್ತುವೆಂದು ವಿಮಾನಕ್ಕೆ ಬಿಡುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ ಹಗ್ಗದಿಂದ ಅಡ್ಡ ಉದ್ದ ಬಿಗಿದು, ಮಾರ್ಕರಿನಲ್ಲಿ ದೊಡ್ಡದಾಗಿ ಹೆಸರು, ಫೋನ್ ನಂಬರು.

ಇಂಥದೇ ಮನೆಗಳಿಗೆ 2010ರ ಮೇ 22ರ ಬೆಳಗ್ಗೆ ಬಂದೆರಗಿದ ಸುದ್ದಿಯನ್ನು ನಮ್ಮ ಜಿಲ್ಲೆ ಮರೆತಿಲ್ಲ. ದುಬೈಯಿಂದ ಬಂದು ಇಲ್ಲಿ ರನ್‌ವೇಯ ಅಂಚು ದಾಟಿ ಬಿದ್ದ ವಿಮಾನದಲ್ಲಿ ಸಿಬ್ಬಂದಿ ಸೇರಿ 166 ಜನ ಇದ್ದರು. 158 ಮಂದಿ ತೀರಿಕೊಂಡರು, ಉಳಿದವರು 8 ಜನ. ಆ ಹೊತ್ತಿಗೆ ಮಳೆ ಸುರಿಯುತ್ತಿರಲಿಲ್ಲ, ರನ್‌ವೇ ಕಾಣುತ್ತಿತ್ತು. ತನಿಖಾ ವರದಿ ಹೇಳಿದ್ದು ಇಷ್ಟು: ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಬಂತು, ರನ್‌ವೇಯ ಅರ್ಧಕ್ಕೂ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿತು, ಉಳಿದ ಜಾಗ ನಿಲ್ಲಲು ಸಾಲಲಿಲ್ಲ. ಇಳಿಸುವ ಪ್ರಯತ್ನ ಬಿಟ್ಟು ಮೇಲೇರೋಣವೆಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಗುರುತು ಸಿಗದವರನ್ನು ಮಣ್ಣು ಮಾಡಿದ ಕೂಳೂರಿನ ಬಳಿ, ಫಲ್ಗುಣಿ ನದಿಯ ದಂಡೆಯಲ್ಲಿ, ಈಗ ಸ್ಮಾರಕ ಉದ್ಯಾನವಿದೆ.

ಸಹಪೈಲಟ್ ಹೇಳಿದ ಆ ಮೇಲೇರುವ ಕ್ರಮಕ್ಕೆ ಗೋ ಅರೌಂಡ್ ಎನ್ನುತ್ತಾರೆ. ಇಳಿಯಲು ಬರುವ ವಿಮಾನದ ವೇಗ, ಎತ್ತರ, ಕೋನ ಮೂರೂ ನೆಲದಿಂದ ಇಂತಿಷ್ಟು ಎತ್ತರಕ್ಕೆ ಬರುವಾಗ ಸರಿಯಾಗಿರಲೇಬೇಕು. ಇನ್ನೂ ಕೆಳಗೆ ಒಂದು ನಿಗದಿತ ಎತ್ತರದಲ್ಲಿ ಪೈಲಟ್ ಕಣ್ಣಿಗೆ ರನ್‌ವೇಯೋ ಅದರ ದೀಪಗಳೋ ಕಾಣಬೇಕು. ಕಾಣದಿದ್ದರೆ ಯೋಚನೆಗೆ ಅವಕಾಶವಿಲ್ಲ. ಇಂಜಿನಿಗೆ ಪೂರ್ತಿ ಶಕ್ತಿ ಕೊಟ್ಟು ಮೇಲಕ್ಕೇರಬೇಕು. ಆಷಾಢದ ಮೋಡ ನಮ್ಮ ಗುಡ್ಡದ ಮೇಲೆ ಕೂತರೆ ಆ ದೀಪಗಳು ಮುಚ್ಚಿಹೋಗುತ್ತವೆ. ಆಗ ವಿಮಾನ ಒಂದು ಸುತ್ತು ಹಾಕಿ ಮತ್ತೆ ಬರುತ್ತದೆ, ಆಗಲೂ ಆಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗುತ್ತದೆ. ಅಲ್ಲಿಗೆ ಹೋಗಲು ಬೇಕಾದ ಇಂಧನವನ್ನು ಹೊರಡುವಾಗಲೇ ಲೆಕ್ಕ ಹಾಕಿ ತುಂಬಿಸಿರುತ್ತಾರೆ. ಹಾಗೆ ಬೇರೆ ಊರಿಗೆ ಹೋದ ವಿಮಾನದ ಪೈಲಟ್ ಸೋತವರಲ್ಲ. ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡಿದವರು. ಅವರನ್ನು ಬೈಯುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. 2020ರ ಆಗಸ್ಟ್ 7ರ ರಾತ್ರಿ ಮಳೆಯಲ್ಲಿ ಕೋಝಿಕ್ಕೋಡಿನ ಬಳಿಯ ಕರಿಪುರದಲ್ಲಿ, ಅದೂ ಗುಡ್ಡದ ನೆತ್ತಿಯ ರನ್‌ವೇ, ದುಬೈಯಿಂದ ಬಂದ ಇನ್ನೊಂದು ವಿಮಾನ ಅಂಚು ದಾಟಿ ಬಿದ್ದು 21 ಮಂದಿ ಸತ್ತರು. ಮಲಬಾರಿನ ಆ ಮನೆಗಳೂ ನಮ್ಮ ಮನೆಗಳಂಥವೇ.

ಪೈಲಟ್ ಎಚ್ಚರವಿದ್ದರೆ ಸಾಲದು, ನೆಲವೂ ಇನ್ನಷ್ಟು ಬೇಕು. ರನ್‌ವೇ ಪಟ್ಟಿಯ ಆಚೆಗೆ ಸುರಕ್ಷತೆಗೆಂದು ಕನಿಷ್ಠ 90 ಮೀಟರ್ ಖಾಲಿ ಜಾಗ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ, 240 ಮೀಟರ್ ಇದ್ದರೆ ಒಳ್ಳೆಯದೆಂಬುದು ಶಿಫಾರಸು. ಗುಡ್ಡದ ಮೇಲೆ ಅಷ್ಟು ಜಾಗ ಮಾಡಬೇಕಾದರೆ ಕಣಿವೆಗೆ ಮಣ್ಣು ತುಂಬಿಸಿ ಎತ್ತರಿಸಬೇಕು. ಆ ಕಣಿವೆಯಲ್ಲಿ ಯಾರದೋ ಅಡಿಕೆ ತೋಟ, ಯಾರದೋ ಮನೆ ಇರುತ್ತದೆ. ಜಾಗ ಬಿಡುವವರಿಗೆ ತಡಮಾಡದೆ ನ್ಯಾಯವಾದ ಬೆಲೆ, ಬೇರೆ ಮನೆ ಕೊಡಲೇಬೇಕು. ವಿಮಾನ ಹತ್ತುವ ನಾವೂ ಅದಕ್ಕಾಗಿ ದನಿ ಎತ್ತಬೇಕು. ಕೆಲವರ ತೋಟ ಮುಳುಗಿಸಿ ಉಳಿದವರು ಸುಖವಾಗಿ ಇಳಿಯುವುದು ಸರಿಯಲ್ಲ.

ಜೂನಿನ ಪೋಷಕರ ಸಭೆಯಲ್ಲಿ ನಾನು ಅಂಕಗಳ ಜತೆ ಇದನ್ನೂ ಮಾತಾಡುತ್ತೇನೆ. ಮಳೆಗಾಲದಲ್ಲಿ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಕ್ಕೆ ಬರುವವರು ಹಿಂದಿನ ದಿನಕ್ಕೆ ಟಿಕೆಟ್ ಮಾಡಬೇಡಿ, ಎರಡು ಮೂರು ದಿನ ಮೊದಲೇ ಬನ್ನಿ. ಕರೆದುಕೊಂಡು ಹೋಗಲು ಬರುವವರು ಮನೆಯಿಂದ ಹೊರಡುವ ಮೊದಲು ವಿಮಾನ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ಬಿಪಿ, ಶುಗರಿನ ಮಾತ್ರೆ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಲು ಹೇಳಿ. ಬೆಂಗಳೂರಿನಲ್ಲಿ ಇಳಿಸಿ ಗಂಟೆಗಟ್ಟಲೆ ಕೂರಿಸಿದರೆ ಅದೇ ಮೊದಲು ಬೇಕಾಗುವುದು. ಕಳೆದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು, "ಟೀಚರೇ, ಹಾಗಾದರೆ ಅವರು ತಿರುಗಿ ಹೋದರೆ ನಾವು ಹೆದರಬೇಕಾದ್ದಿಲ್ಲ ಅಲ್ವಾ?" ಬೇಕಾದ್ದಿಲ್ಲ ಅಮ್ಮಾ ಎಂದೆ.