ಕ್ಷಣಿಕವಾದದಲ್ಲಿ ಗತಿವಿಚಾರ

ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆಯ ಪ್ರದೇಶದಲ್ಲಿ ಹರಿಯುವ ಮೃತ್ಯುಂಜಯಾ ಹೊಳೆ 2019ನೆಯ ಇಸವಿಯ ಆಗಸ್ಟಿನಲ್ಲಿ ದಡ ಮೀರಿ, ಚಾರ್ಮಾಡಿ ಘಟ್ಟದ ಮಣ್ಣನ್ನೂ ಮರದ ದಿಮ್ಮಿಗಳನ್ನೂ ಅಡಿಕೆ ತೋಟಗಳಿಗೆ ತಂದು ಸುರಿಯಿತು. ನೀರು, ಮರಳು, ದಡ ಎಲ್ಲವೂ ಬೇರೆಯಾದವು. ಆದರೂ ಊರವರು ಅದನ್ನು ಅದೇ ಹೊಳೆಯೆಂದೇ ಕರೆಯುತ್ತಾರೆ. ಈ 'ಅದೇ' ಎಂಬ ಮಾತಿಗೆ ಆಧಾರವೇನೆಂಬುದೇ ಬೌದ್ಧರ ಗತಿವಿಚಾರದ ತಿರುಳು. ಒಂದು ವಸ್ತು ಒಂದೆಡೆಯಿಂದ ಇನ್ನೊಂದೆಡೆಗೆ ಹೋಯಿತೆನ್ನಬೇಕಾದರೆ, ಹೊರಟದ್ದೂ ತಲುಪಿದ್ದೂ ಒಂದೇ ಆಗಿರಬೇಕಷ್ಟೆ. ಬೌದ್ಧ ತಾರ್ಕಿಕರು ಒಪ್ಪದಿರುವುದು ಇದನ್ನೇ.

ಕ್ರಿಸ್ತಶಕ ನಾಲ್ಕು-ಐದನೆಯ ಶತಮಾನಗಳ ವಸುಬಂಧು ತನ್ನ ಅಭಿಧರ್ಮಕೋಶದಲ್ಲಿ ಮಂಡಿಸುವ ಯುಕ್ತಿ ಹೀಗಿದೆ. ಹುಟ್ಟಿಗೆ ಕಾರಣ ಬೇಕು, ನಾಶಕ್ಕೆ ಬೇಡ. ನಾಶವೆಂಬುದು ಅಭಾವ; ಅಭಾವವು ಕಾರ್ಯವಲ್ಲವಾದುದರಿಂದ ಅದನ್ನು ಯಾವ ಕಾರಣವೂ ಉಂಟುಮಾಡಲಾರದು. ಸದ್ದು, ದೀಪದ ಜ್ವಾಲೆ, ಚಿತ್ತ ಇವು ಯಾರ ಪೆಟ್ಟೂ ಇಲ್ಲದೆ ತಾವಾಗಿಯೇ ಅಳಿಯುವುದನ್ನು ಕಾಣುತ್ತೇವೆ. ಬೆಂಕಿಯೇ ಕಟ್ಟಿಗೆಯನ್ನು ನಾಶಮಾಡಿತೆಂಬುದು ನಮ್ಮ ಊಹೆಯೇ ಹೊರತು ಕಣ್ಣಿಗೆ ಕಂಡುದಲ್ಲ. ಹಳೆಯ ಕಟ್ಟಿಗೆಯ ಕ್ಷಣ ಅಳಿದು ಹೊಸದು ಹುಟ್ಟದೆ ಹೋಯಿತೆಂದೂ ಹೇಳಬಹುದು. ಅಳಿಯುವುದು ವಸ್ತುವಿನ ಸ್ವಭಾವವಾದರೆ ಅದು ಎರಡನೆಯ ಕ್ಷಣಕ್ಕಾಗಿ ಕಾಯಬೇಕಾದ ಕಾರಣವಿಲ್ಲ. ಆದಕಾರಣ ಹುಟ್ಟಿದ ಸ್ಥಳದಲ್ಲೇ ಅದು ಅಳಿಯುತ್ತದೆ. ಬೇರೆಡೆಗೆ ಹೋಗಲು ಅದಕ್ಕೆ ಬಿಡುವೇ ಇಲ್ಲ. ಕೈಯಲ್ಲಿ ಹಿಡಿದ ದೀಪ ಜಗಲಿಯಿಂದ ಅಂಗಳಕ್ಕೆ ಬಂದಿತೆಂದು ನಾವು ಹೇಳುವಾಗ ನಿಜವಾಗಿ ನಡೆದುದು, ಒಂದರ ಪಕ್ಕದ ಒಂದು ಎಡೆಯಲ್ಲಿ ಹೊಸ ಹೊಸ ಜ್ವಾಲೆಗಳ ಹುಟ್ಟು ಮಾತ್ರ.

ಈ ಚರ್ಚೆ ಬರುವುದು ಭೌತವಿಚಾರದ ಪ್ರಕರಣದಲ್ಲಲ್ಲ, ಕರ್ಮವನ್ನು ನಿರೂಪಿಸುವ ನಾಲ್ಕನೆಯ ಅಧ್ಯಾಯದಲ್ಲಿ, ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕೊಲೆ, ದಾನ, ನಮಸ್ಕಾರ ಇವೆಲ್ಲ ಶರೀರದ ಕರ್ಮಗಳು. ಶರೀರದ ಚಲನೆಯೇ ಆ ಕರ್ಮವೆಂದು ವಾತ್ಸೀಪುತ್ರೀಯರು ಹೇಳಿದರು. ಚಲನೆಯೇ ಇಲ್ಲವೆಂದ ಮೇಲೆ ಕತ್ತಿಯೆತ್ತಿದವನ ಪಾಪ ಎಲ್ಲಿ ನಿಲ್ಲುತ್ತದೆ? ಶರೀರದ ಆಕಾರವಿಶೇಷವೇ ಕರ್ಮವೆಂದು ವೈಭಾಷಿಕರು ಉತ್ತರಿಸಿದರು. ವಸುಬಂಧು ಅದನ್ನೂ ತಳ್ಳಿ, ಶರೀರವನ್ನು ಪ್ರವರ್ತಿಸುವ ಚೇತನೆಯೇ, ಅಂದರೆ ಸಂಕಲ್ಪವೇ ಕರ್ಮವೆಂಬ ಸೌತ್ರಾಂತಿಕ ಮತಕ್ಕೆ ಒಲಿಯುತ್ತಾನೆ. ಗತಿಯ ನಿರಾಕರಣೆಯಿಂದ ನೀತಿ ಕುಸಿಯದೆ ಇನ್ನಷ್ಟು ಒಳಗೆ ಸರಿದು ನಿಂತಿತೆಂದು ನಮಗೆ ತೋರುತ್ತದೆ.

ನಾಗಾರ್ಜುನನ ಮಾರ್ಗ ಬೇರೆ. ಎರಡನ್ನೂ ಒಂದೆಂದು ಬರೆಯುವುದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾದ ತಪ್ಪು. ಮೂಲಮಧ್ಯಮಕಕಾರಿಕೆಯ ಎರಡನೆಯ ಪ್ರಕರಣದಲ್ಲಿ ಆತನು ಕ್ಷಣಿಕತ್ವವನ್ನು ಆಧಾರವಾಗಿ ಹಿಡಿಯುವುದಿಲ್ಲ. ನಡೆದು ಮುಗಿದ ದಾರಿಯಲ್ಲಿ ನಡೆಯುವಿಕೆ ಇಲ್ಲ; ಇನ್ನೂ ನಡೆಯದ ದಾರಿಯಲ್ಲೂ ಇಲ್ಲ. ಈಗ ನಡೆಯುತ್ತಿರುವ ದಾರಿಯಲ್ಲಿದೆಯೆಂದರೆ, ಆ ದಾರಿಗೆ 'ನಡೆಯುತ್ತಿರುವ' ಎಂಬ ಹೆಸರು ಬರಲು ಒಂದು ಗತಿ ಬೇಕು, ಅದರಲ್ಲಿ ನಡೆಯುವುದಕ್ಕೆ ಇನ್ನೊಂದು ಗತಿ ಬೇಕು. ಎರಡು ಗತಿಗಳಿದ್ದರೆ ನಡೆಯುವವರೂ ಇಬ್ಬರಾಗಬೇಕಾಗುತ್ತದೆ. ಗ್ರೀಕ್ ದೇಶದ ಜೀನೋವಿನ ಬಾಣವನ್ನು ಇದಕ್ಕೆ ಹೋಲಿಸುವುದುಂಟು, ಹೋಲಿಕೆ ಅಷ್ಟಕ್ಕಷ್ಟೆ. ಗಂತೃ, ಗತಿ, ಗಂತವ್ಯ ಇವುಗಳಲ್ಲಿ ಯಾವುದಕ್ಕೂ ಸ್ವತಂತ್ರವಾದ ಸ್ವಭಾವವಿಲ್ಲ ಎಂಬುದಷ್ಟೇ ನಾಗಾರ್ಜುನನ ತಾತ್ಪರ್ಯ. ಲೋಕವ್ಯವಹಾರದಲ್ಲಿ ಜನ ನಡೆದಾಡುವುದನ್ನು ಆತನು ನಿಷೇಧಿಸಲಿಲ್ಲ.

ಹಾಗಾದರೆ ಚಲನೆಯನ್ನು ನಾವು ಕಾಣುವುದು ಹೇಗೆ? ದಿಙ್ನಾಗನ ಮತದಂತೆ ಪ್ರತ್ಯಕ್ಷವು ಕಲ್ಪನಾರಹಿತವಾದುದು; ಇಂದ್ರಿಯಕ್ಕೆ ದೊರೆಯುವುದು ಆ ಕ್ಷಣದ ಸ್ವಲಕ್ಷಣ ಮಾತ್ರ. ಒಂದರ ಹಿಂದೆ ಒಂದು ಬಂದ ಸದೃಶಕ್ಷಣಗಳನ್ನು ಹೆಣೆದು 'ಇದೇ ಬಸ್ಸು ಘಟ್ಟವಿಳಿಯಿತು' ಎಂದು ನಿಶ್ಚಯಿಸುವುದು ವಿಕಲ್ಪದ ಕೆಲಸ. ಸಿನೆಮಾದ ಸುರುಳಿಯಲ್ಲಿ ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಹಾದುಹೋಗುವಾಗ ನಾವು ಓಡುವ ಕುದುರೆಯನ್ನು ಕಾಣುವುದನ್ನು ನೆನೆದರೆ ಈ ಮಾತು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಆದರೆ ಉಪಮಾನ ಇಲ್ಲಿಗೇ ನಿಲ್ಲುತ್ತದೆ: ಸಿನೆಮಾ ನೋಡುವವನು ಕುರ್ಚಿಯಲ್ಲಿ ಸ್ಥಿರವಾಗಿ ಕುಳಿತಿದ್ದಾನೆ, ಬೌದ್ಧರ ನೋಟಕನಾದರೋ ತಾನೂ ಕ್ಷಣಕ್ಷಣಕ್ಕೂ ಅಳಿಯುವವನು.

ವಾದದ ಅತ್ಯಂತ ಕಠಿನವಾದ ಗಂಟು ಇದೇ. ಮೊದಲ ಎಡೆಯನ್ನು ಕಂಡ ಚಿತ್ತ ಅಳಿದಿದೆ. ಎರಡನೆಯದನ್ನು ಕಂಡ ಚಿತ್ತ ಮೊದಲನೆಯದನ್ನು ಕಂಡಿಲ್ಲ. ಇವನ್ನು ಜೋಡಿಸುವವರು ಯಾರು? ಹಿಂದಿನ ಚಿತ್ತಕ್ಷಣವು ತನ್ನ ವಾಸನೆಯನ್ನು ಮುಂದಿನದಕ್ಕೆ ಒಪ್ಪಿಸಿ ಅಳಿಯುತ್ತದೆ, ಆ ಸಂತಾನದಲ್ಲೇ ಸ್ಮೃತಿ ಹುಟ್ಟುತ್ತದೆ ಎಂಬುದು ಬೌದ್ಧರ ಉತ್ತರ. ಕತ್ತರಿಸಿದ ಮೇಲೆ ಮರಳಿ ಬೆಳೆದ ಕೂದಲನ್ನು ಸಾದೃಶ್ಯದ ಬಲದಿಂದ 'ಅದೇ ಕೂದಲು' ಎನ್ನುವಂತೆ, 'ಅದೇ ನಾನು' ಎಂಬುದೂ ಭ್ರಾಂತಿ.

ನಮ್ಮ ನಾಡಿನ ಆಚಾರ್ಯರು ಪೆಟ್ಟು ಕೊಟ್ಟುದು ಇಲ್ಲಿಯೇ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದ ಅನುಸ್ಮೃತಿಯನ್ನು ಮುಂದಿಟ್ಟಿತು; ಶಂಕರರೂ ಉಡುಪಿಯ ಮಧ್ವಾಚಾರ್ಯರೂ ಅದಕ್ಕೆ ಭಾಷ್ಯ ಬರೆದರು. ಸಾದೃಶ್ಯವನ್ನು ತಿಳಿಯಬೇಕಾದರೂ ಎರಡನ್ನು ಕಂಡ ಒಬ್ಬನಿರಬೇಕಲ್ಲವೇ ಎಂಬ ಶಂಕರರ ಪ್ರಶ್ನೆಗೆ ವಾಸನೆಯ ಉತ್ತರ ಸಾಲದೆಂಬುದೇ ನಮ್ಮ ಅಭಿಪ್ರಾಯ. ಜೈನರಾದರೋ ಅರ್ಧ ಒಪ್ಪಿ ಅರ್ಧ ಬಿಟ್ಟರು: ಪರ್ಯಾಯಗಳು ಅಳಿಯುತ್ತವೆ, ದ್ರವ್ಯ ಉಳಿಯುತ್ತದೆ. ಮೀನಿಗೆ ನೀರಿನಂತೆ ಗತಿಗೆ ಸಹಕಾರಿಯಾದ ಧರ್ಮವೆಂಬ ಪ್ರತ್ಯೇಕ ದ್ರವ್ಯವನ್ನೇ ಅವರು ಅಂಗೀಕರಿಸಿದರು. ಕಕ್ಕಿಂಜೆಗೆ ದೂರವಲ್ಲದ ಮೂಡಬಿದಿರೆಯ ಬಸದಿಗಳಲ್ಲಿ ಇಂದಿಗೂ ಜೀವಂತವಾಗಿರುವುದು ಈ ಮತವೇ.

ಎಂಟನೆಯ ಶತಮಾನದ ಜೈನ ತಾರ್ಕಿಕ ಅಕಲಂಕನು ಬೌದ್ಧರನ್ನು ಗೆದ್ದನೆಂದು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ (ಕ್ರಿ.ಶ. 1129) ಕೊಂಡಾಡುತ್ತದೆ, ಘಟದೊಳಗೆ ಅಡಗಿದ್ದ ತಾರೆಯೂ ಸೋತಳೆಂದು ಅದರ ಮಾತು. ಗೆದ್ದವರ ಹೊಗಳಿಕೆಯನ್ನು ಇತಿಹಾಸಕಾರನು ತೂಗಿಯೇ ಕೊಳ್ಳಬೇಕು. ಆದರೂ ಕನ್ನಡನಾಡಿನ ಓದುಗನಿಗೆ ಕ್ಷಣಿಕವಾದ ಬಹುಮಟ್ಟಿಗೆ ತಲುಪಿದುದು ಇಂಥ ಗ್ರಂಥಗಳ ಪೂರ್ವಪಕ್ಷದ ಮೂಲಕವೇ. ಬಳ್ಳಿಗಾವೆ, ಡಂಬಳಗಳ ಹನ್ನೊಂದನೆಯ ಶತಮಾನದ ಬೌದ್ಧ ಶಾಸನಗಳು ವಿಹಾರವನ್ನೂ ದತ್ತಿಯನ್ನೂ ಹೇಳುತ್ತವೆಯೇ ಹೊರತು ತರ್ಕವನ್ನಲ್ಲ.

ತುಳುನಾಡಿನ ಸಾಕ್ಷ್ಯವೂ ಅಂಥದೇ. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖಗಳ, ಆರು ಕೈಗಳ ಕಂಚಿನ ಲೋಕೇಶ್ವರ ವಿಗ್ರಹವನ್ನು ಆಳುಪ ದೊರೆ ಕುಂದವರ್ಮ ಕಲಿವರ್ಷ 4068ರಲ್ಲಿ, ಅಂದರೆ ಕ್ರಿ.ಶ. 968ರಲ್ಲಿ, ಪ್ರತಿಷ್ಠಿಸಿದನೆಂದು ಅದರ ಪೀಠದ ಸಂಸ್ಕೃತ ಶಾಸನ ತಿಳಿಸುತ್ತದೆ. ಸ್ಥಳವನ್ನು ಅದು ವಿಹಾರವೆನ್ನುತ್ತದೆ. ದೊರೆಯನ್ನು ಮಾತ್ರ ಶಿವಪಾದದ ದುಂಬಿಯೆಂದು ಬಣ್ಣಿಸುತ್ತದೆ. ವಿಗ್ರಹ ಬೌದ್ಧರ ಅವಲೋಕಿತೇಶ್ವರನೋ ಶಿವನ ರೂಪವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಂಜುನಾಥ ದೇವಾಲಯದಲ್ಲಿ ಅದಕ್ಕೆ ಇಂದಿಗೂ ಪೂಜೆ ಸಲ್ಲುತ್ತಿದೆ.