ರಾಮನಗರ ಜಿಲ್ಲೆಯಲ್ಲಿ ಸಂಕಷ್ಟದ ಕುಟುಂಬಗಳಿಗೆ ನೆರವು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲೂಕುಗಳಲ್ಲಿ ಬಡತನ, ದೀರ್ಘಕಾಲದ ಕಾಯಿಲೆ ಹಾಗೂ ಆರೈಕೆಯ ಹೊಣೆಯಿಂದ ತೊಂದರೆಗೊಳಗಾದ ಕುಟುಂಬಗಳಿಗೆ ನೆರೆಹೊರೆಯವರು, ಧಾರ್ಮಿಕ ಸಂಸ್ಥೆಗಳು, ಸೇವಾಸಂಸ್ಥೆಗಳು ಮತ್ತು ಸರ್ಕಾರದಿಂದ ನೆರವು ದೊರೆಯುತ್ತದೆ. ಇದರ ಬಹುಪಾಲು ಆಹಾರ, ಶಿಕ್ಷಣ ಮತ್ತು ಚಿಕಿತ್ಸೆಗೆ ಸಂಬಂಧಿಸಿದ್ದು. ರೋಗಿಯನ್ನು ನೋಡಿಕೊಳ್ಳುವವರು ಕಳೆದುಕೊಳ್ಳುವ ದುಡಿಮೆಗೆ ಸಿಗುವ ಪರಿಹಾರ ಅತ್ಯಲ್ಪ.

ಹಿನ್ನೆಲೆ

ಈ ನಾಲ್ಕು ತಾಲೂಕುಗಳನ್ನು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ರಾಜ್ಯ ಸಚಿವ ಸಂಪುಟವು ಒಪ್ಪಿಗೆ ನೀಡಿತು. ಕೃಷಿ, ರೇಷ್ಮೆ ಸಾಕಾಣಿಕೆ, ನೂಲು ಬಿಚ್ಚಾಣಿಕೆ ಮತ್ತು ಚನ್ನಪಟ್ಟಣದ ಮರದ ಗೊಂಬೆ ತಯಾರಿಕೆ ಇಲ್ಲಿನ ಪ್ರಮುಖ ಕಸುಬುಗಳಾಗಿವೆ. ಇವುಗಳಲ್ಲಿ ದಿನಗೂಲಿಗೆ ದುಡಿಯುವವರಿಗೆ ಸಾಮಾನ್ಯವಾಗಿ ವೇತನಸಹಿತ ರಜೆ ಇರುವುದಿಲ್ಲ. ಒಬ್ಬರು ಹಾಸಿಗೆ ಹಿಡಿದರೆ ಅವರ ಕೂಲಿಯೊಂದಿಗೆ, ಜೊತೆಗಿರುವವರ ಕೂಲಿಯೂ ನಿಲ್ಲುತ್ತದೆ.

ಸಾಂಪ್ರದಾಯಿಕ ನೆರವು

ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗಿ, ಮುಂದೆ ಅದೇ ದುಡಿಮೆಯನ್ನು ಮರಳಿ ಪಡೆಯುವ ಮುಯ್ಯಾಳು ಪದ್ಧತಿ ಇದೆ. ಆದರೆ ಇದು ಮರಳಿಸುವ ಶಕ್ತಿಯನ್ನು ಆಧರಿಸಿದೆ. ವರ್ಷಗಟ್ಟಲೆ ರೋಗಿಯನ್ನು ನೋಡಿಕೊಳ್ಳುವ ಮನೆಯು ಈ ಕೊಡುಕೊಳ್ಳುವಿಕೆಯಿಂದ ಹೊರಗುಳಿಯುವ ಸಾಧ್ಯತೆ ಹೆಚ್ಚು.

ಮರಳಿಸಬೇಕಿಲ್ಲದ ನೆರವಿನ ರೂಪ ದಾಸೋಹ. ಮಾಗಡಿ ತಾಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶಿವಕುಮಾರ ಸ್ವಾಮೀಜಿ ಅವರು ತುಮಕೂರಿನ ಸಿದ್ಧಗಂಗಾ ಮಠದ ಮುಖ್ಯಸ್ಥರಾಗಿ, ಸಾವಿರಾರು ಬಡ ಮಕ್ಕಳಿಗೆ ಉಚಿತ ಅನ್ನ, ಅಕ್ಷರ ಮತ್ತು ಆಶ್ರಯ ನೀಡುವ ತ್ರಿವಿಧ ದಾಸೋಹವನ್ನು ವಿಸ್ತರಿಸಿದರು. ಮುಸ್ಲಿಂ ಸಮುದಾಯದಲ್ಲಿ ನಿಗದಿತ ಮಿತಿಯನ್ನು ಮೀರಿದ ಸಂಪತ್ತಿನ ಶೇ. 2.5ರಷ್ಟನ್ನು ಝಕಾತ್ ರೂಪದಲ್ಲಿ ಬಡವರು, ಸಾಲಗಾರರು ಮೊದಲಾದವರಿಗೆ ನೀಡಲಾಗುತ್ತದೆ.

ಚಿಕಿತ್ಸೆಯ ನೆರವು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯವಿದೆ. ಉನ್ನತ ಚಿಕಿತ್ಸೆಗಾಗಿ ರಾಮನಗರದಿಂದ ಸುಮಾರು 50 ಕಿ.ಮೀ. ದೂರದ ಬೆಂಗಳೂರಿಗೆ ಹೋಗುವುದು ಸಾಮಾನ್ಯ. ಜೊತೆಗೆ ಹೋದವರು ಕಳೆದುಕೊಂಡ ಕೂಲಿಯನ್ನು ಈ ಯೋಜನೆ ಭರಿಸುವುದಿಲ್ಲ.

ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯವು ಉಚಿತ ಉಪಶಾಮಕ ಆರೈಕೆ ನೀಡುತ್ತದೆ. 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ ಇದನ್ನು ನಡೆಸುತ್ತಿದೆ. ನೋವು ಶಮನ ಮತ್ತು ಶುಶ್ರೂಷೆಯ ಹೊಣೆಯನ್ನು ಇಂತಹ ಸಂಸ್ಥೆಗಳು ವಹಿಸಿಕೊಂಡಾಗ ಮನೆಯವರ ಭಾರವೂ ಇಳಿಯುತ್ತದೆ.

ಆರೈಕೆದಾರರಿಗೆ ನೆರವು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಚ್ಚಿನ ಬೆಂಬಲದ ಅಗತ್ಯವಿರುವವರಿಗೆ ಆರೈಕೆದಾರರ ಭತ್ಯೆಯನ್ನು ಸಾಮಾಜಿಕ ಭದ್ರತೆಯ ಭಾಗವೆಂದು ಗುರುತಿಸಿದೆ. ಕರ್ನಾಟಕದ 2024–25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ಮಾಸಿಕ 1,000 ರೂಪಾಯಿ ಭತ್ಯೆಯನ್ನು ಘೋಷಿಸಲಾಯಿತು. ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ ಮತ್ತು ವೃದ್ಧಾಪ್ಯದ ಮರೆವಿನ ಕಾಯಿಲೆಗಳು ಈ ಪಟ್ಟಿಯಲ್ಲಿರಲಿಲ್ಲ.

ಸೌಲಭ್ಯ ಪಡೆಯುವ ವಿಧಾನ

ವೃದ್ಧಾಪ್ಯ, ವಿಧವಾ ಮತ್ತು ಅಂಗವಿಕಲ ವೇತನಗಳಿಗೆ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಅಂಗವಿಕಲತೆಯ ಗುರುತಿನ ಚೀಟಿ ಮತ್ತು ಸಂಬಂಧಿತ ಯೋಜನೆಗಳ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾರ್ಗದರ್ಶನ ನೀಡುತ್ತಾರೆ. ರೋಗಿಯನ್ನು ಬಿಟ್ಟು ಕಚೇರಿಗೆ ಹೋಗಲಾಗದವರ ಪರವಾಗಿ ದಾಖಲೆಗಳನ್ನು ಹೊಂದಿಸಿಕೊಡುವುದು, ಅಷ್ಟು ಹೊತ್ತು ರೋಗಿಯ ಬಳಿ ಕೂರುವುದು ಕೂಡ ನೆರೆಹೊರೆಯವರು ಮಾಡಬಹುದಾದ ಸಹಾಯವಾಗಿದೆ.