ಲಗ್ನಕ್ಕೆ ಬಂದವರೇ, ಝರಾಸಂಗಂಗೂ ಹೋಗಿ ಬನ್ನಿ

ಮನೂರಿನಲ್ಲಿ ಮಧ್ಯಾಹ್ನದ ಮುಹೂರ್ತ. ಅಕ್ಷತೆ ಬಿದ್ದು, ಉಂಡು ಎದ್ದಾಗ ಎರಡೂವರೆ. ಎಲೆಯಲ್ಲಿ ಪನೀರ್ ಇತ್ತು, ನೂಡಲ್ಸೂ ಇತ್ತು. ಜೋಳ ಬೆಳೆಯುವ ಈ ಸೀಮೆಯಲ್ಲಿ ಒಂದು ಬಿಸಿ ರೊಟ್ಟಿ ಇರಲಿಲ್ಲ. ದೂರದಿಂದ ಬಂದ ಬೀಗರು ಸಂಜೆ ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಬೀದರ್ ಕಿಲ್ಲೆ ನೋಡ್ರಿ.’ ಕಿಲ್ಲೆಗೆ ಇಡೀ ದಿನ ಬೇಕು. ಅರ್ಧ ದಿನವಷ್ಟೇ ಕೈಯಲ್ಲಿದ್ದರೆ ಝರಾಸಂಗಂ ಮೇಲು.

ಈ ಸೀಮೆಯ ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿ. ಭಾಷಾವಾರು ವಿಂಗಡಣೆಯಲ್ಲಿ ಮೂರೂ ಆಂಧ್ರಕ್ಕೆ ಹೋದವು, ಈಗ ತೆಲಂಗಾಣ. ಗಡಿ ದಾಟಿ ಹೆಣ್ಣು ಕೊಟ್ಟು ತರುವುದು ಮಾತ್ರ ನಿಂತಿಲ್ಲ.

ಝರಾಸಂಗಂನ ಕೇತಕಿ ಸಂಗಮೇಶ್ವರನಿಗೆ ಕೇದಗೆ ಏರುತ್ತದೆ. ಬೇರೆಡೆ ಶಿವಪೂಜೆಗೆ ವರ್ಜ್ಯವಾದ ಹೂ ಅದು. ಇಲ್ಲಿನ ನೀರಿನಲ್ಲಿ ಮಿಂದು ಕುಪೇಂದ್ರ ರಾಜನ ಚರ್ಮರೋಗ ವಾಸಿಯಾಯಿತೆಂಬುದು ಸ್ಥಳಪುರಾಣ. ಅಮಾವಾಸ್ಯೆಗೆ, ಶಿವರಾತ್ರಿಗೆ ಕರ್ನಾಟಕ, ಮಹಾರಾಷ್ಟ್ರದವರೂ ಸೇರುತ್ತಾರೆ. ಗದ್ದಲ ಆಗದವರು ಆ ದಿನಗಳನ್ನು ಬಿಡುವುದು ಒಳ್ಳೆಯದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಡಿಯಲ್ಲ, ಅದೇ ಝರಾಸಂಗಂ ಮಂಡಲದ ಮಾಚನೂರಿನ ಸಂಘಂ ರೇಡಿಯೋ ಕೇಂದ್ರ. ಜೀಪಿನ ಚಾಲಕ ದಾರಿಯುದ್ದಕ್ಕೂ ಅದರ ಮಾತೇ ಆಡಿದ. ತನ್ನ ಅವ್ವನಿಗೆ ಟಿವಿಗಿಂತ ಈ ರೇಡಿಯೋದ ಹುಚ್ಚಂತೆ. ಬಿತ್ತನೆಯ ಮಾತು ಬಂದರೆ ಒಲೆ ಮೇಲಿನ ಸಾರನ್ನೂ ಮರೆಯುತ್ತಾಳಂತೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹಳ್ಳಿ ಸಂಘಗಳ ದಲಿತ ಹೆಣ್ಣುಮಕ್ಕಳು ನಡೆಸುವ ಕೇಂದ್ರವಿದು. ಯುನೆಸ್ಕೋ ನೆರವಿನಿಂದ 1998ರಲ್ಲೇ ಸ್ಟುಡಿಯೋ ಎದ್ದಿತ್ತು, ಪರವಾನಗಿ ಮಾತ್ರ ಇರಲಿಲ್ಲ. ಹತ್ತು ವರ್ಷ ಇವರು ಕ್ಯಾಸೆಟ್‌ಗಳಲ್ಲಿ ದನಿ ತುಂಬಿಸಿಕೊಂಡು ಸಂಘದ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು ಪ್ರಸಾರ ಶುರುವಾಯಿತು. ಆರಂಭದಿಂದ ಅದನ್ನು ಹೊತ್ತವರಿಬ್ಬರೂ ನರಸಮ್ಮಂದಿರೇ: ಒಬ್ಬರು ಆಲ್ಗೋಲ್ ನರಸಮ್ಮ, ಇನ್ನೊಬ್ಬರು ‘ಜನರಲ್’ ನರಸಮ್ಮ.

ಕಾರ್ಯಕ್ರಮ ಊರಿನ ತೆಲುಗಿನಲ್ಲಿ. ಹಾಗೆಂದು ಕನ್ನಡದವರಿಗೆ ಏನೂ ತಿಳಿಯದೆ ಹೋಗುವುದಿಲ್ಲ, ಮಾತೆಲ್ಲ ನಮ್ಮವೇ ಆದ ಜೋಳ, ಸಜ್ಜೆ, ನವಣೆ, ಸಾಮೆಗಳದ್ದು. ಸಾಲ ಪಡೆದ ಬೀಜವನ್ನು ಸುಗ್ಗಿಯಲ್ಲಿ ಹೆಚ್ಚು ಅಳೆದು ಮರಳಿಸುವ ಪದ್ಧತಿ ಈ ಸಂಘಗಳಲ್ಲಿದೆ. ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನ ಬಿಟ್ಟು ಬಂದು ಇಲ್ಲಿಯವರೇ ಆದರು, 2023ರಲ್ಲಿ ತೀರಿಕೊಂಡರು. ನಮ್ಮ ಕಡೆ ಅವರ ಹೆಸರು ಬಲ್ಲವರು ಎಷ್ಟು ಮಂದಿ?

ಮದುವೆ ಮನೆಯವರಿಗೆ ನನ್ನದೊಂದು ವಿನಂತಿ: ಮುಂದಿನ ಲಗ್ನಕ್ಕೆ ನೂಡಲ್ಸ್ ಕೈಬಿಟ್ಟು ಈ ಹೆಣ್ಣುಮಕ್ಕಳು ಬೆಳೆದ ಜೋಳದ ರೊಟ್ಟಿ ಬಡಿಸಿ. ಬೀಗರು ಮಾಚನೂರಿಗೆ ಹೊರಡುವ ಮುನ್ನ ಕೇಂದ್ರ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಲಿ. ಪ್ರಸಾರ ಸಂಜೆ ಏಳರಿಂದ ಒಂಬತ್ತು, ಎಫ್‌ಎಂ 90.4.